ಕಿವಿಯಿಟ್ಟು ಕೊಂಡ ಡೀಸೆಲ್ ಕಾರು

ಆ ಬೀದಿಯಲ್ಲಿ ಯಾರೇ ಹಳೆಯ ಗಾಡಿ ಕೊಳ್ಳಲಿ, ದುಡ್ಡು ಕೈ ಬದಲಾಗುವ ಮುಂಚೆ ಅದನ್ನು ತಂದು ನಿಲ್ಲಿಸುತ್ತಿದ್ದುದು ಈ ಮನೆಯ ಮುಂದೆ. ಮನೆಯ ಹಿರಿಯರು ಬಟ್ಟೆ ಗಿರಣಿಯ ಜನರೇಟರ್ ಕೋಣೆಯಲ್ಲಿ ಆಯುಷ್ಯ ಸವೆಸಿದವರು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳ್ಳೆಯ ಪದ್ಯ ಓದಿಸಿ ಕೇಳುವವರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಒಂದೇ ಮಾತು. ತಗೋ ಅಂದರೆ ತಗೋ, ಬೇಡ ಅಂದರೆ ಬೇಡ. ಅದರ ಮೇಲೆ ಮಾತಿರಲಿಲ್ಲ. ನಿವೃತ್ತಿಯಾದ ಮೇಲೆ ಅವರಿಗೆ ಉಳಿದಿದ್ದ ಮರ್ಯಾದೆ ಅಂದರೆ ಅದೊಂದೇ.

ಆ ಕಿವಿ ಹೋಗಿದೆ ಎಂಬುದು ಮನೆಯಲ್ಲಿ ಸೊಸೆಯೊಬ್ಬಳಿಗೇ ಗೊತ್ತಿತ್ತು. ಒಂದು ಮಧ್ಯಾಹ್ನ ಅವಳು ಅಂಗಡಿಯಿಂದ ಬರುವಾಗ ಗ್ಯಾಸಿನವನು ಬೀದಿಯ ತಿರುವಿನಲ್ಲಿ ಸಿಕ್ಕಿ, ಬೆಲ್ ಒತ್ತಿ ಒತ್ತಿ ಬೆರಳು ಸವೆಯಿತು, ಮನೇಲಿ ಯಾರೂ ಇಲ್ಲವಾ ಎಂದು ಗೊಣಗಿದ್ದ. ಅವಳು ಬಂದು ನೋಡಿದರೆ ಮಾವ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಗ್ಯಾಸಿನವನು ಬಂದು ಹೋದನಂತೆ ಮಾವ ಎಂದಳು. ಅವರು ಕತ್ತರಿ ಕೆಳಗಿಟ್ಟು ಹೇಳಿದರು.

"ಗುಡುಗು ಕೇಳ್ಸುತ್ತಮ್ಮ. ಬೀಗದ ಕೈ ಗೊಂಚಲು ಕೇಳ್ಸಲ್ಲ. ಗಿರಣೀಲೇ ಬಿಟ್ಟು ಬಂದೆ ಅಂತ ಕಾಣುತ್ತೆ ಕಿವೀನ. ಯಾರಿಗೂ ಹೇಳಬೇಡ."

ಅಂದಿನಿಂದ ಅವಳು ಅವರ ಮುಖದೆದುರು ನಿಂತು ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಊಟಕ್ಕೆ ಕೂತಾಗ ಗಂಡ ಏನಾದರೂ ಕೇಳಿದರೆ, ತಟ್ಟೆ ಇಡುವ ನೆಪದಲ್ಲಿ ಅದೇ ಮಾತನ್ನು ತಾನೂ ಒಮ್ಮೆ ಆಡಿಬಿಡುತ್ತಿದ್ದಳು. ಅತ್ತೆಗೆ ಅನುಮಾನವೇ ಬರಲಿಲ್ಲ. ಮದುವೆಯಾದಾಗಿನಿಂದ ನನ್ನ ಮಾತು ಕೇಳಿಸಿಕೊಂಡವರಲ್ಲ, ಈಗೇನು ಹೊಸದು ಎಂದು ಆಕೆ ಮೂಗು ಮುರಿಯುತ್ತಿದ್ದರು. ಮಾವ ಅದಕ್ಕೂ ನಗುತ್ತಿದ್ದರು. ಕೇಳಿಸಿ ನಕ್ಕರೋ, ಹೆಂಡತಿಯ ಮೂಗು ನೋಡಿ ನಕ್ಕರೋ, ಹೇಳುವುದು ಕಷ್ಟ.

ಅವಳ ಗಂಡ ಹೊಲಿಗೆ ಯಂತ್ರ ರಿಪೇರಿಯವನು. ಸಿದ್ಧ ಉಡುಪಿನ ಸಣ್ಣ ಸಣ್ಣ ಕಾರ್ಖಾನೆಗಳಿಂದ ಕೆಟ್ಟ ಯಂತ್ರಗಳನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ತಂದು, ರಿಪೇರಿ ಮಾಡಿ, ಹಾಗೆಯೇ ಹೊತ್ತುಕೊಂಡು ಹೋಗಿ ಕೊಡುವುದು ಅವನ ಕೆಲಸ. ಆ ಭಾರಕ್ಕೆ ಬೆನ್ನು ಸೋತುಹೋಗಿತ್ತು. ಬೆಳಿಗ್ಗೆ ಎದ್ದರೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ. ಇನ್ನು ಭಾರ ಎತ್ತಿದರೆ ಹಾಸಿಗೆಯೇ ಗತಿ ಎಂದು ವೈದ್ಯರು ಹೇಳಿದ ಮೇಲೆ, ಹಿಂದಿನ ಸೀಟು ಮಡಚುವಂಥ ಒಂದು ಹಳೆಯ ಕಾರು ಕೊಳ್ಳುವ ಮಾತು ಎದ್ದಿತು. ಮನೆಯ ಮಾಳಿಗೆ ರಿಪೇರಿಗೆಂದು ಕೂಡಿಟ್ಟ ದುಡ್ಡಷ್ಟೇ ಇದ್ದದ್ದು. ಅದು ಒಮ್ಮೆ ಹೋದರೆ ಮತ್ತೆ ಕೂಡುವುದಲ್ಲ ಎಂಬುದು ನಾಲ್ವರಿಗೂ ಗೊತ್ತಿತ್ತು.

ಡೀಸೆಲ್ಲೇ ಆಗಬೇಕೆಂದು ಅವನ ಹಟ. ಕಡಿಮೆ ಎಣ್ಣೆಯಲ್ಲಿ ದೂರ ಹೋಗುತ್ತದೆ, ಭಾರ ತಡೆಯುತ್ತದೆ. ಅವನ ಗಿರಾಕಿಗಳಲ್ಲಿ ಒಬ್ಬ ಮಾತ್ರ, ಸ್ವಂತ ವ್ಯಾನ್ ಓಡಿಸುವವನು, ಬೇರೆ ಥರ ಹೇಳಿದ್ದ. ಡೀಸೆಲ್ ಇಂಜಿನ್ನಿಗೆ ದಿನವೂ ಸ್ವಲ್ಪ ದೂರದ ಓಟ ಬೇಕು, ಬೀದಿಯಿಂದ ಬೀದಿಗೆ ನಿಲ್ಲಿಸಿ ನಿಲ್ಲಿಸಿ ಓಡಿಸಿದರೆ ಮಸಿ ಕಟ್ಟುತ್ತದೆ. ಕೊಳ್ಳುವುದೇ ಆದರೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ ನಿನ್ನ ಕೈಯಾರೆ ಸ್ಟಾರ್ಟ್ ಮಾಡಿ ನೋಡು, ಹೊಗೆಯ ಬಣ್ಣ ನೋಡು, ಒಂದು ಗ್ಯಾರೇಜಿನವನಿಗೆ ದುಡ್ಡು ಕೊಟ್ಟು ತೋರಿಸು. ಗಂಡ ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಅತ್ತೆಗೆ ತಡೆಯಲಾಗಲಿಲ್ಲ.

"ಮನೇಲಿ ಬಾವಿ ಇಟ್ಕೊಂಡು ನೀರು ಕೊಂಡ್ಕೋತೀಯಾ? ನಿಮ್ಮಪ್ಪನಿಗಿಂತ ದೊಡ್ಡವನಾ ಆ ಗ್ಯಾರೇಜಿನವನು?"

"ಅಪ್ಪನ್ನ ಬಿಟ್ಟು ತೋರಿಸ್ತೀನಿ ಅಂದೆನಾ? ಅವನೂ ನೋಡ್ಲಿ ಅಂದೆ."

"ಅವನಿಗೆ ಕೊಡೋ ದುಡ್ಡಲ್ಲಿ ಒಂದು ತಿಂಗಳ ಹಾಲು ಬರುತ್ತೆ."

ಸೊಸೆ ಬೇಳೆ ಬಡಿಸುತ್ತಿದ್ದಳು. ತೋರಿಸಿದರೆ ಒಳ್ಳೆಯದೇ ಅಲ್ಲವಾ ಅತ್ತೆ, ಎರಡು ಕಣ್ಣಿಗಿಂತ ನಾಲ್ಕು ಕಣ್ಣು ಎಂದಳು, ಮಾವನ ಕಡೆ ಮುಖ ಮಾಡಿಕೊಂಡೇ. ಮಾವ ಅವಳನ್ನು ನೋಡಿದರು. ಬೇಡ ಅನ್ನುವ ಹಾಗೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, ಗಾಡಿ ಎಲ್ಲಿದೆ ಹೇಳು, ಹೋಗಿ ನೋಡೋಣ ಅಂದರು. ಅವಳು ಸೌಟನ್ನು ಪಾತ್ರೆಗೆ ಬಿಟ್ಟು ಒಳಗೆ ಹೋದಳು.

ಗಾಡಿ ಸಿಕ್ಕಿದ್ದು ಹಳೆಯ ಕಾರುಗಳ ದಲ್ಲಾಳಿಯೊಬ್ಬನ ಹತ್ತಿರ. ಅವನು ಹಿಂದೆ ಅದೇ ಗಿರಣಿಯಲ್ಲಿ ಮಾವನ ಕೈಕೆಳಗೆ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದವನು. ಈಗಲೂ ಬಾಯಿ ತುಂಬ ಗುರುಗಳೇ ಅನ್ನುತ್ತಿದ್ದ. ನೋಡಲು ಹೋದದ್ದು ಸಂಜೆ. ಅವನಿಗೆ ಅನುಕೂಲವಾದ ಹೊತ್ತು ಅದೇ ಅಂತೆ. ಕಾರು ಬೂದು ಬಣ್ಣದ್ದು, ತೊಳೆದು ಒರೆಸಿ ಶೆಡ್ಡಿನ ನೆರಳಲ್ಲಿ ನಿಲ್ಲಿಸಿದ್ದ. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಯಾರೋ ಕಬ್ಬಿಣದ ಗೇಟು ಉಜ್ಜುತ್ತಿದ್ದರು. ಆ ಕರಕರ ಸದ್ದಿನಲ್ಲಿ ಮಾತೇ ಕೂಗಿ ಆಡಬೇಕಿತ್ತು.

ಜೊತೆಗೆ ಹೋಗಿದ್ದ ಸೊಸೆ ಸುಮ್ಮನೆ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಒಲೆಯಿಂದ ಆಗತಾನೆ ಇಳಿಸಿದ ಪಾತ್ರೆಯ ಹಾಗಿತ್ತು.

"ಬಿಸಿ ಇದೆಯಲ್ಲ," ಅಂದಳು ಗಂಡನಿಗೆ.

"ಬಿಸಿಲಲ್ಲಿ ನಿಂತಿತ್ತಮ್ಮ, ಈಗ ನೆರಳಿಗೆ ತಂದೆ," ಅಂದ ದಲ್ಲಾಳಿ. "ಗುರುಗಳ ಕಿವಿ ಇರುವಾಗ ನಿಮ್ಮ ಕೈಗೆ ಯಾಕಮ್ಮ ತೊಂದರೆ?"

ಗಂಡ ನಕ್ಕ. ಇಂಜಿನ್ ಶುರುವಾಯಿತು. ಮಾವ ಸ್ಕ್ರೂಡ್ರೈವರ್ ಆನಿಸಿ, ಕಣ್ಣು ಮುಚ್ಚಿ ನಿಂತರು. ಗೇಟು ಉಜ್ಜುವವನು ಒಂದು ಗಳಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವಳಿಗೆ ಕೇಳಿಸಿತು: ಆ ದಪ್ಪ ಗುಡುಗಿನ ಅಡಿಯಲ್ಲಿ, ಗಾಜಿನ ಲೋಟದೊಳಗೆ ಚಮಚ ಬಡಿದ ಹಾಗೆ, ತೆಳ್ಳಗೆ, ಬಿಡದೆ ಒಂದು ಸದ್ದು. ಅವಳು ಮಾವನ ಮುಖ ನೋಡಿದಳು. ಆ ಮುಖದಲ್ಲಿ ಏನೂ ಇರಲಿಲ್ಲ. ಕೇಳಿಸಿದವರು ಹುಬ್ಬು ಗಂಟಿಕ್ಕುತ್ತಾರೆ, ತಲೆ ಓರೆ ಮಾಡುತ್ತಾರೆ. ಇವರು ಯಾರಾದರೂ ಬಂದು ಎಬ್ಬಿಸಲಿ ಎಂದು ಕಾಯುವವರ ಹಾಗೆ ನಿಂತಿದ್ದರು.

ಬಾಯಿ ಬಿಡಬೇಕಾಗಿದ್ದ ಗಳಿಗೆ ಅದು. ಎದುರಿಗೆ ದಲ್ಲಾಳಿ, ಪಕ್ಕದಲ್ಲಿ ಗಂಡ, ಶೆಡ್ಡಿನ ಬಾಗಿಲಲ್ಲಿ ದಲ್ಲಾಳಿಯ ಕೆಲಸದವರು. ಅಷ್ಟು ಜನರ ಮುಂದೆ ನಿಮಗೆ ಕೇಳಿಸುವುದಿಲ್ಲ ಮಾವ ಅನ್ನುವುದು ಹೇಗೆ? ಗೇಟಿನವನು ಮತ್ತೆ ಶುರು ಮಾಡಿದ. ಮಾವ ಕಣ್ಣು ತೆರೆದರು.

"ತಗೋ," ಅಂದರು.

ಮೊದಲ ವಾರ ಮನೆಗೆ ಮನೆಯೇ ಹಗುರಾಗಿತ್ತು. ಗಂಡ ಒಂದೇ ಸುತ್ತಿಗೆ ನಾಲ್ಕು ಯಂತ್ರ ಹಾಕಿಕೊಂಡು ಬರುತ್ತಿದ್ದ. ಅತ್ತೆ ಹಿಂದಿನ ಸೀಟಿಗೆ ಹಳೆಯ ಸೀರೆಯ ಹೊದಿಕೆ ಹೊಲಿದು ಹಾಕಿದರು, ಯಂತ್ರದ ಎಣ್ಣೆ ಸೀಟಿಗೆ ತಾಗದಿರಲಿ ಎಂದು. ಮಾವ ಬೆಳಿಗ್ಗೆ ಗಾಜು ಒರೆಸುತ್ತಿದ್ದರು. ಎರಡನೆಯ ವಾರ ಚಳಿ ಬಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ಬೀದಿ ತುಂಬ ಹರಡಿ, ಎದುರು ಮನೆಯವರು ಒಣಗಲು ಹಾಕಿದ ಬಟ್ಟೆ ಒಳಗೆ ತೆಗೆಯುವಂತಾಯಿತು. ಬಾನೆಟ್ಟಿನ ಕೆಳಗೆ ಯಾರೋ ತಟ್ಟೆ ಬಡಿಯುತ್ತಿದ್ದಂತೆ ಸದ್ದು. ಗಂಡ ತಂದೆಯನ್ನು ಕರೆದ. ಮಾವ ಬಂದು ಒಂದು ನಿಮಿಷ ಕಿವಿಯಿಟ್ಟು, ಚಳಿಗೆ ಹಾಗೆಯೇ, ಬಿಸಿಯಾದ ಮೇಲೆ ಸರಿಹೋಗುತ್ತೆ ಅಂದರು. ಬಿಸಿಯಾದ ಮೇಲೆ ಸದ್ದು ಅಡಗುತ್ತಿದ್ದುದೂ ನಿಜ. ಗಂಡ ನಂಬಿದ. ಮನೆಯಲ್ಲಿ ನಂಬದವಳು ಒಬ್ಬಳೇ. ಅವಳು ದಿನಾ ಬೆಳಿಗ್ಗೆ ಆ ಚಮಚದ ಸದ್ದು ದಪ್ಪವಾಗುವುದನ್ನು ಅಡಿಗೆಮನೆಯಿಂದ ಕೇಳುತ್ತ, ಗ್ಯಾರೇಜಿಗೆ ತೋರಿಸ್ರೀ ಎಂದು ಎರಡು ಮೂರು ಸಲ ಹೇಳಿದಳು. ಅಪ್ಪ ನೋಡಿದ್ದಾರಲ್ಲ ಎಂದು ಅವನು ಬೂಟು ಹಾಕಿಕೊಂಡು ಹೋದ. ಯಾಕೆ ಹೇಳುತ್ತಿದ್ದೇನೆ ಎಂಬುದನ್ನು ಅವಳು ಹೇಳಲಿಲ್ಲ. ಹೇಳದ ಮಾತು ದಿನ ಕಳೆದಂತೆ ಭಾರವಾಗುತ್ತ ಹೋಯಿತು.

ತಿಂಗಳು ತುಂಬುವ ಮುಂಚೆ, ಐದು ಯಂತ್ರ ತುಂಬಿಕೊಂಡು ಸೇತುವೆಯ ಏರು ಹತ್ತುವಾಗ ಕಾರು ದಢಾರೆಂದು ನಿಂತಿತು. ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆದರು. ಇಂಜಿನ್ ಎಣ್ಣೆಯನ್ನು ತಟ್ಟೆಗೆ ಬಿಟ್ಟರೆ ಅದರಲ್ಲಿ ಲೋಹದ ಪುಡಿ ಮಿರಮಿರ ಮಿನುಗುತ್ತಿತ್ತು. ಒಳಗಿನ ಬೇರಿಂಗ್ ಸವೆದುಹೋಗಿದೆ, ಇಂಜಿನ್ ಪೂರ್ತಿ ಬಿಚ್ಚಬೇಕು, ಅದಕ್ಕೆ ಕೊಡುವ ದುಡ್ಡಲ್ಲಿ ಇಂಥದೇ ಇನ್ನೊಂದು ಗಾಡಿ ಬರುತ್ತೆ ಅಂದ ಗ್ಯಾರೇಜಿನವನು. ಇದು ನಿನ್ನೆ ಮೊನ್ನೆಯ ಸದ್ದಲ್ಲ, ಕೊಳ್ಳುವಾಗ ಯಾರೂ ಕೇಳಿಸಿಕೊಳ್ಳಲಿಲ್ಲವಾ ಎಂದು ಸಹಜವಾಗಿಯೇ ಕೇಳಿದ.

ಅಪ್ಪನ ಕಿವಿಗೆ ಇದು ತಪ್ಪಿಹೋಗುವ ಸದ್ದಲ್ಲ. ಗಂಡನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಗಾದರೆ ಉಳಿದದ್ದು ಒಂದೇ. ಗ್ಯಾರೇಜಿನಿಂದ ಮನೆಗೆ ನಡೆದು ಬರುವಷ್ಟರಲ್ಲಿ ಆ ಒಂದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಬಂದವನು ಚಪ್ಪಲಿ ಬಿಡಲಿಲ್ಲ. ತಂದೆ ಚಹಾ ಕುಡಿಯುತ್ತಿದ್ದರು. ನೇರ ಅವರ ಮುಂದೆ ಹೋಗಿ ನಿಂತ.

"ಎಷ್ಟು ಕೊಟ್ಟ ಅಪ್ಪ ಅವನು ನಿಮಗೆ?"

"ಯಾರು?"

"ನಿಮ್ಮ ಶಿಷ್ಯ. ಆ ದಲ್ಲಾಳಿ. ಕೈ ಬಿಸಿ ಮಾಡಿದನಲ್ಲ, ಎಷ್ಟು?"

ಅತ್ತೆ ಒಳಗಿಂದ ಓಡಿ ಬಂದರು. ಬಾಯಿಗೆ ಬಂದ ಹಾಗೆ ಮಾತಾಡಬೇಡ, ಹೆತ್ತ ತಂದೆ ಅವರು ಅಂದರು. ಅವನು ತಾಯಿಯ ಕಡೆ ತಿರುಗಿ ಎಣ್ಣೆಯಲ್ಲಿ ಕಂಡ ಪುಡಿಯ ವಿಷಯವನ್ನೆಲ್ಲ ಹೇಳಿದ. ಬೀದಿಯವರ ಗಾಡಿಗೆಲ್ಲ ಬೇಡ, ಬೇಡ ಅಂದವರು. ಅಷ್ಟು ದೊಡ್ಡ ಸದ್ದು ಇವರಿಗೆ ಕೇಳಿಸದೆ ಇರುತ್ತಾ ಅಮ್ಮ, ನೀನೇ ಹೇಳು ಅಂದ. ಅತ್ತೆ ತಮ್ಮ ಗಂಡನ ಕಡೆ ನೋಡಿದರು, ಆ ನೋಟ ನಿಧಾನವಾಗಿ ಬದಲಾಯಿತು.

ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು. ಮಾವ ಅವಳನ್ನು ನೋಡಿದರು. ಅವಳು ಬಾಯಿ ತೆರೆಯುವ ಮುಂಚೆಯೇ ಲೋಟ ಕೆಳಗಿಟ್ಟು,

"ಹೌದು ಅಂತಲೇ ಇಟ್ಕೋ," ಅಂದರು.

"ಇಟ್ಕೊಳ್ಳೋದಲ್ಲ. ಹೌದಾ, ಅಲ್ವಾ?"

"ಹೌದು."

ಅಷ್ಟೇ. ಮನೆಯಲ್ಲಿ ಆಮೇಲೆ ಜಗಳವೂ ಆಗಲಿಲ್ಲ. ಜಗಳವಾದರೆ ಸುಧಾರಿಸಬಹುದು. ಅತ್ತೆ ಚಹಾ ತಂದು ಮುಖ ನೋಡದೆ ಕುರ್ಚಿಯ ಕೈ ಮೇಲೆ ಇಟ್ಟು ಹೋಗುತ್ತಿದ್ದರು. ತಿಂದ ದುಡ್ಡು ಏನಾಯಿತು ಎಂದು ಕೇಳಲೂ ಆಕೆಗೆ ನಾಚಿಕೆ. ಮಾವ ಬಾಗಿಲ ಪಕ್ಕದ ಕುರ್ಚಿಯನ್ನು ಹಿತ್ತಲಿಗೆ ಎಳೆದುಕೊಂಡರು. ಗಂಡ ಮತ್ತೆ ಸ್ಕೂಟರ್ ಹತ್ತಿದ. ಯಂತ್ರಕ್ಕೊಂದು ಸುತ್ತು, ಸುತ್ತಿಗೊಂದು ಗುಳಿಗೆ. ದೊಡ್ಡ ಕಾರ್ಖಾನೆಯೊಂದು ಎರಡು ಸಲ ಕಾದು, ಮೂರನೆಯ ಸಲಕ್ಕೆ ವ್ಯಾನ್ ಇಟ್ಟುಕೊಂಡ ಬೇರೆಯವನನ್ನು ಕರೆಯಿತು. ಮಾಳಿಗೆ ಸೋರುವ ಜಾಗಕ್ಕೆ ಸೊಸೆ ಬಕೆಟ್ ಇಟ್ಟಳು.

ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅವಳು ಮಾವನ ಎದುರು ನಿಂತು ಕೇಳಿದಳು: ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ಕಿವುಡ ಅನ್ನಿಸಿಕೊಳ್ಳುವುದು ದೊಡ್ಡ ಅವಮಾನವಾ ಮಾವ?

"ಕಳ್ಳನಿಗೆ ಒಂದು ಕಾಲದಲ್ಲಿ ಕಿವಿ ಇತ್ತು ಅಂತಾರೆ," ಅಂದರು ಅವರು. "ಕಿವುಡನಿಗೆ ಯಾವತ್ತೂ ಇರ್ಲಿಲ್ಲ ಅಂತಾರೆ. ಈ ಹಿಂದೆ ಹೇಳಿದ್ದೆಲ್ಲಾ ಸುಳ್ಳಿರಬೇಕು ಅಂತಾರೆ."

ಅವಳಿಗೆ ತಡೆಯಲಾಗಲಿಲ್ಲ. ಭಾನುವಾರ ಗಂಡನ ಬೆನ್ನಿಗೆ ಮುಲಾಮು ತಿಕ್ಕುತ್ತ ಎಲ್ಲವನ್ನೂ ಹೇಳಿದಳು: ಗ್ಯಾಸಿನವನು, ಬೀಗದ ಕೈ, ಶೆಡ್ಡಿನಲ್ಲಿ ತಾನು ಕೇಳಿದ ಚಮಚದ ಸದ್ದು, ತಾನು ಸುಮ್ಮನಿದ್ದದ್ದು. ಅವನು ಬೋರಲು ಮಲಗಿದ್ದವನು ತಲೆ ಎತ್ತಿದ.

"ನಮ್ಮಪ್ಪನ ಕಿವೀನಾ? ನಾನು ಚಿಕ್ಕವನಿದ್ದಾಗ ಪಕ್ಕದ ಮನೇಲಿ ನಾಣ್ಯ ಬಿದ್ದರೆ ಯಾವ ನಾಣ್ಯ ಅಂತ ಹೇಳೋರು. ಅವರನ್ನ ಉಳಿಸೋಕೆ ಕಥೆ ಕಟ್ಟಬೇಡ."

"ಹೋಗಿ ಕೇಳಿ ಅವರನ್ನೇ."

ಅವನು ಅಂಗಿ ಹಾಕಿಕೊಳ್ಳದೆಯೇ ಹಿತ್ತಲಿಗೆ ಹೋದ. ಎದುರಿಗೆ ನಿಂತು ಗಟ್ಟಿಯಾಗಿಯೇ ಕೇಳಿದ. ಮಾವ ಅವನ ಹಿಂದೆಯೇ ಬಂದ ಸೊಸೆಯ ಮುಖ ನೋಡಿದರು.

"ಒಳ್ಳೆ ಹುಡುಗಿ," ಅಂದರು. "ನನಗೋಸ್ಕರ ಸುಳ್ಳು ಹೇಳ್ತಾಳೆ. ನನ್ನ ಕಿವಿ ಚೆನ್ನಾಗಿದೆ."

ಆ ದಿನ ಸೊಸೆ ಅಡಿಗೆ ಮಾಡಿದಳು, ಬಡಿಸಲಿಲ್ಲ. ಅತ್ತೆ ಬಡಿಸಿದರು. ದಲ್ಲಾಳಿಯ ದುಡ್ಡಿನಲ್ಲಿ ಸೊಸೆಗೂ ಪಾಲು ಸಿಕ್ಕಿರಬೇಕು ಎಂಬರ್ಥ ಬರುವ ಒಂದು ಮಾತನ್ನು ಆಕೆ ಗೋಡೆಗೆ ಹೇಳಿದರು.

ಇನ್ನು ಗಾಡಿ ಮಾರುವುದೊಂದೇ ದಾರಿ. ಬೇರಿಂಗನ್ನು ಹೇಗೋ ತೇಪೆ ಹಾಕಿಸಿ, ಗಟ್ಟಿ ಎಣ್ಣೆ ತುಂಬಿಸಿದರೆ ಸದ್ದು ಸ್ವಲ್ಪ ದಿನ ಅಡಗಿರುತ್ತದೆ ಎಂದು ಗಂಡನಿಗೆ ಯಾರೋ ಹೇಳಿಕೊಟ್ಟರು. ಸಾಲ ತಂದು ಹಾಗೆಯೇ ಮಾಡಿಸಿ ಮನೆಗೆ ತಂದ. ಮೋಸ ಅಲ್ಲವಾ ಎಂದು ಸೊಸೆ ಕೇಳಿದ್ದಕ್ಕೆ, ನಮಗೆ ಮಾಡುವಾಗ ಯಾರು ಕೇಳಿದರು ಅಂದ. ಮುಂದಿನ ವಾರವೇ ಒಬ್ಬಾಕೆ ಬಂದಳು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಶುಶ್ರೂಷೆ ಮಾಡುವ ದಾದಿ. ಬಸ್ಸಿಗೆ ಕಾದು ಕಾದು ಸಾಕಾಗಿದೆ, ಊರಾಚೆ ಕರೆದರೆ ಹೋಗಲಾಗುವುದಿಲ್ಲ, ಈ ಗಾಡಿ ಸಿಕ್ಕರೆ ಕೈಗೆ ಇನ್ನೆರಡು ಮನೆ ಹೆಚ್ಚಿಗೆ ಸಿಗುತ್ತವೆ ಎಂದು ತಾನಾಗಿಯೇ ಹೇಳಿಕೊಂಡಳು. ಅವಳು ಬರುವ ಮುಂಚೆ ಗಂಡ ಗಾಡಿಯನ್ನು ಎರಡು ಸುತ್ತು ಓಡಿಸಿ ತಂದು ನಿಲ್ಲಿಸಿದ್ದ. ಇಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ದಾದಿ ಒಳಗೆ ಕೂತಳು, ಇಳಿದಳು, ಬಾಗಿಲು ತೆರೆದು ಮುಚ್ಚಿದಳು.

"ನನಗೇನೂ ಗೊತ್ತಾಗಲ್ಲಪ್ಪ ಇದರಲ್ಲಿ. ಈ ಬೀದೀಲಿ ಕಿವಿಯಿಟ್ಟು ಹೇಳೋ ಯಜಮಾನರು ಇದ್ದಾರೆ ಅಂದರು. ಅವರು ಸರಿ ಅಂದರೆ ನಾನು ತಗೋತೀನಿ."

"ನಮ್ಮ ತಂದೇನೇ," ಅಂದ ಗಂಡ. ಅವನ ಮುಖ ಅರಳಿತು. ಒಳಗೆ ಹೋಗಿ ಹಿತ್ತಲಿಂದ ತಂದೆಯ ತೋಳು ಹಿಡಿದು ಕರೆತಂದ. ದುಡ್ಡು ತಿಂದಿರಿ ಎಂದು ತಂದೆಯನ್ನು ದೂರಿದ ಮೇಲೆ ಅವನು ಅವರನ್ನು ಮುಟ್ಟಿದ್ದು ಅದೇ ಮೊದಲು. ಒಂದು ಸಲ ಶಿಷ್ಯನಿಗೋಸ್ಕರ ತಗೋ ಅಂದವರು ಮಗನಿಗೋಸ್ಕರ ಅನ್ನದೆ ಇರುತ್ತಾರೆಯೇ. ಅತ್ತೆ ಬಾಗಿಲಿಗೆ ಬಂದರು. ಸೊಸೆ ಕಿಟಕಿಯ ಸರಳು ಹಿಡಿದು ನಿಂತಳು.

ದಾದಿ ಅವರೆದುರು ನಿಂತು, ಇಂಜಿನ್ ಹೇಗಿದೆ ಹೇಳಿ ಯಜಮಾನ್ರೇ ಅಂದಳು. ಮಾವ ಅವಳ ಮುಖ ನೋಡಿದರು, ಅವಳ ಹೆಗಲಲ್ಲಿದ್ದ ಔಷಧಿ ಚೀಲ ನೋಡಿದರು. ಸ್ಕ್ರೂಡ್ರೈವರ್ ಮಗನ ಕೈಯಲ್ಲಿತ್ತು. ಅವರು ಅದಕ್ಕೆ ಕೈ ಚಾಚಲಿಲ್ಲ.

"ನನಗೆ ಕೇಳ್ಸಲ್ಲಮ್ಮ."

ದಾದಿ ಹತ್ತಿರ ಬಾಗಿ, ರೋಗಿಗಳೊಡನೆ ಮಾತಾಡುವ ರೂಢಿಯ ಗಟ್ಟಿ ದನಿಯಲ್ಲಿ, ಇಂಜಿನ್ ಹೇಗಿದೆ ಅಂತ ಕೇಳಿದೆ ಅಂದಳು.

"ನೀನು ಕೇಳಿದ್ದು ಕೇಳ್ಸಿತು. ಇಂಜಿನ್ ಕೇಳ್ಸಲ್ಲ. ಎರಡು ಮೂರು ವರ್ಷವೇ ಆಯಿತು." ಅವರು ಮಗನ ಕಡೆ ನೋಡದೆ ಮುಂದುವರಿಸಿದರು. "ನಾಳೆ ಬೆಳಿಗ್ಗೆ ತಣ್ಣಗಿರುವಾಗ ಬಾ. ಕಿವಿ ನೆಟ್ಟಗಿರೋ ಯಾರನ್ನಾದರೂ ಜೊತೇಲಿ ಕರ್ಕೊಂಡು ಬಾ."

ದಾದಿ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು. ಆಗಲಿ, ಹಾಗೇ ಮಾಡ್ತೀನಿ ಅಂದು ಚೀಲ ಸರಿಮಾಡಿಕೊಂಡು ಹೊರಟಳು. ಅವಳು ಬರುವುದಿಲ್ಲ ಎಂಬುದು ಅವಳ ನಡಿಗೆಯಲ್ಲೇ ಇತ್ತು. ಗಂಡ ಗಾಡಿಯೊಳಗೆ ಕೈಹಾಕಿ ಇಂಜಿನ್ ಆರಿಸಿದ. ಎದುರು ಮನೆಯ ಕಿಟಕಿಯಲ್ಲಿ ಇಬ್ಬರು ನಿಂತಿದ್ದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುವ ಮಾತು ಅದು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನನಗಾದರೂ ಹೇಳಬಾರದಿತ್ತಾ, ನಾನು ಎಷ್ಟೆಲ್ಲಾ ಅಂದೆ ಎಂದು ಗೊಣಗುತ್ತ ಒಳಗೆ ಹೋದರು. ಸೊಸೆಗೆ ಮಾತ್ರ ಅದು ಕೇಳಿಸಿತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತರು. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಮಾವನಿಗೆ ಏನು ಹೇಳಬೇಕಿದ್ದರೂ ಇನ್ನು ಕೂಗಬೇಕು, ಬೀದಿಗೆ ಕೇಳುವ ಹಾಗೆ. ಗಂಡ ಎರಡು ತುತ್ತು ತಿಂದ. ಮೂರನೆಯದನ್ನು ತಟ್ಟೆಯಲ್ಲೇ ಕಲಸುತ್ತ, ತಲೆ ಎತ್ತದೆ, ತನಗೆ ತಾನೇ ಆಡಿಕೊಳ್ಳುವವನ ಹಾಗೆ ಮೆಲ್ಲಗೆ ಅಂದ:

"ನಾನು ಕಳ್ಳ ಅಂದಾಗ ಹೇಳಲಿಲ್ಲ. ಇವಳು ಬೇಡಿಕೊಂಡಾಗ ಹೇಳಲಿಲ್ಲ. ದಾರಿಯಲ್ಲಿ ಹೋಗೋಳು ಕೇಳಿದ್ದಕ್ಕೆ ಹೇಳಿದರು. ಇವರ ಜೊತೆ ಕೂತು ಉಣ್ಣೋಕೆ ಆಗ್ತಾ ಇಲ್ಲ ನನಗೆ."

ಕೈ ತೊಳೆಯಲು ಎದ್ದು ಹೋದ.

ಮಾವ ಮಗನ ತುಟಿ ಅಲುಗಿದ್ದನ್ನು ನೋಡಿದ್ದರು. ಸೊಸೆಯ ಕಡೆ ತಿರುಗಿದರು.

"ಏನಂದ?"

ಅವಳು ಅವರೆದುರು ಬಂದು ಕೂತಳು.

"ಚೆನ್ನಾಗಿ ಊಟ ಮಾಡಿ ಅಂದರು ಮಾವ."

ಅವರು ಅವಳನ್ನೇ ನೋಡಿದರು. ಆಮೇಲೆ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು. ಅನ್ನ ಬಡಿಸಿದ ಹಾಗೆಯೇ ಇತ್ತು.

"ಊಟ ಆಯಿತು ಅಂತ ಹೇಳು ಅವನಿಗೆ," ಅಂದರು.